ಮಾಗಡಿ ಕೆರೆಯ ಲೆಕ್ಕ ಕೈಯಲ್ಲಿದೆ, ಥೀಸಿಸ್ ಯಾವಾಗ?

ಪ್ರಶ್ನೆ: ಮೇಡಂ, ನಾನು ಗದಗಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. 2023ರಲ್ಲಿ ಪರಿಸರ ವಿಜ್ಞಾನದಲ್ಲಿ ಪಿಎಚ್‌ಡಿಗೆ ರಿಜಿಸ್ಟರ್ ಆದೆ. ವಿಷಯ, ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ನೀರು ಮತ್ತು ಅಲ್ಲಿಗೆ ಬರುವ ಹೆಬ್ಬಾತುಗಳು. ಕೋರ್ಸ್‌ವರ್ಕ್ ಪಾಸಾಗಿದೆ. ಎರಡು ಚಳಿಗಾಲ ನೀರಿನ ಸ್ಯಾಂಪಲ್ ತೆಗೆದೆ. ಆಮೇಲೆ ಕೂಸು ಹುಟ್ಟಿತು, ಒಂದು ವರ್ಷ ಕೆಲಸ ನಿಂತೇ ಹೋಯಿತು. ‘ಇನ್ನೂ ಎಷ್ಟು ದಿನ ಇದು?’ ಅಂತ ಮನೆಯಲ್ಲಿ ಕೇಳುತ್ತಾರೆ. ನನ್ನ ರಿಜಿಸ್ಟ್ರೇಷನ್ ರದ್ದಾಗುತ್ತದಾ? ಪದವಿ ಕೈಗೆ ಬರಬೇಕಾದರೆ ಇನ್ನು ಏನೇನು ಆಗಬೇಕು?
– ಓದುಗರೊಬ್ಬರು, ಗದಗ

ಉತ್ತರ: ತಂಗಿ, ಮೊದಲು ಆ ರದ್ದಾಗುವ ಭಯ ಬಿಡಿ. ನಿಮಗೆ ಅನ್ವಯಿಸುವುದು ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗದ) 2022ರ ನಿಯಮ. ಅದರ ಪ್ರಕಾರ ಪಿಎಚ್‌ಡಿಗೆ ಕಡಿಮೆ ಅಂದರೆ 3 ವರ್ಷ, ಜಾಸ್ತಿ ಅಂದರೆ 6 ವರ್ಷ. ಮರು ನೋಂದಣಿ ಮಾಡಿಸಿದರೆ ಇನ್ನೆರಡು ವರ್ಷ ಸಿಗಬಹುದು. ಹೆಣ್ಣುಮಕ್ಕಳಿಗೆ ಅದರ ಮೇಲೆ ಮತ್ತೆ 2 ವರ್ಷ ಕೊಡಲು ಅವಕಾಶವಿದೆ, ಒಟ್ಟು 10 ವರ್ಷ ದಾಟುವಂತಿಲ್ಲ. ಹೆರಿಗೆ ಮತ್ತು ಮಗುವಿನ ಆರೈಕೆಗೆ 240 ದಿನಗಳವರೆಗೆ ರಜೆಯನ್ನೂ ಕೊಡಬಹುದು. ರಜೆಗೆ ಅರ್ಜಿ ಕೊಟ್ಟಿದ್ದೀರಾ? ಇಲ್ಲದಿದ್ದರೆ ಈ ವಾರವೇ ಗೈಡ್ ಹತ್ತಿರ ಮಾತಾಡಿ, ಬರವಣಿಗೆಯಲ್ಲೇ ಕೇಳಿ. ಬಾಯಿಮಾತಿನಲ್ಲಿ ಕೇಳಿದ್ದು ಆಮೇಲೆ ಯಾರಿಗೂ ನೆನಪಿರುವುದಿಲ್ಲ.

ಇನ್ನು ಉಳಿದಿರುವುದು. ಪ್ರತಿ ಸೆಮಿಸ್ಟರ್ ಸಂಶೋಧನಾ ಸಲಹಾ ಸಮಿತಿಯ ಮುಂದೆ ಕೆಲಸ ತೋರಿಸಬೇಕು. ನಿಂತುಹೋದ ವರ್ಷದ ವರದಿ ಬಾಕಿ ಇದ್ದರೆ ಸಮಿತಿಗೆ ಇದ್ದದ್ದನ್ನು ಇದ್ದಂತೆ ಹೇಳಿ. ಥೀಸಿಸ್ ಕೊಡುವ ಮುಂಚೆ ವಿಭಾಗದಲ್ಲಿ ಎಲ್ಲರ ಎದುರು ಒಂದು ಪ್ರೆಸೆಂಟೇಷನ್. ಆಮೇಲೆ ಕೃತಿಚೌರ್ಯದ ತಪಾಸಣೆ, ಹೋಲಿಕೆ ಶೇ. 10 ಮೀರಬಾರದು. ಗೈಡ್ ಜೊತೆ ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರು ಓದುತ್ತಾರೆ. ಒಬ್ಬರು ಬೇಡ ಅಂದರೂ ಕಥೆ ಮುಗಿಯಲಿಲ್ಲ, ಇನ್ನೊಬ್ಬ ಪರೀಕ್ಷಕರಿಗೆ ಕಳಿಸುತ್ತಾರೆ. ಕೊನೆಗೆ ವೈವಾ, ಅಂದರೆ ಮೌಖಿಕ ಪರೀಕ್ಷೆ. ಥೀಸಿಸ್ ಕೊಡುವ ಮುಂಚೆ ಜರ್ನಲ್‌ನಲ್ಲಿ ಲೇಖನ ಪ್ರಕಟಿಸಲೇಬೇಕು ಅನ್ನುವುದನ್ನು ಯುಜಿಸಿ 2022ರಲ್ಲಿ ಕೈಬಿಟ್ಟಿದೆ. ಆದರೆ ನಿಮ್ಮ ವಿಶ್ವವಿದ್ಯಾಲಯ ತನ್ನದೇ ನಿಯಮ ಇಟ್ಟುಕೊಂಡಿರಬಹುದು, ಅದನ್ನು ಕೇಳಿಯೇ ಮುಂದುವರಿಯಿರಿ.

ಕಾಗದಪತ್ರದ ಮಾತು ಇಷ್ಟೇ. ನನಗೆ ನಿಜವಾಗಿ ಕಾಳಜಿ ಇರುವುದು ನಿಮ್ಮ ನೋಟ್‌ಬುಕ್ ಬಗ್ಗೆ.

ನಾನು ಧಾರವಾಡದ ಕೆಲಗೇರಿ ಕೆರೆಯ ಮೇಲೆ ಥೀಸಿಸ್ ಬರೆದವಳು. ನೀರಲ್ಲಿ ಕರಗಿದ ಆಮ್ಲಜನಕ ಅಳೆಯಲು 300 ಎಂಎಲ್ ಗಾಜಿನ ಬಾಟಲಿ ಒಯ್ಯುತ್ತಿದ್ದೆ. ಗಾಳಿಯ ಒಂದು ಗುಳ್ಳೆಯೂ ಉಳಿಯದ ಹಾಗೆ ತುಂಬಿ, ದಂಡೆಯ ಮೇಲೇ ಕೂತು ಮ್ಯಾಂಗನೀಸ್ ಸಲ್ಫೇಟು, ಆಮೇಲೆ ಕ್ಷಾರದ ಅಯೋಡೈಡ್ ದ್ರಾವಣ ಹಾಕಬೇಕು. ಕಂದು ಬಣ್ಣದ ಗಸಿ ಇಳಿದರೆ ಆಮ್ಲಜನಕ ಇದೆ ಅಂತ ಅರ್ಥ. ಬೆಳ್ಳಗೆ ಇಳಿದರೆ ಇಲ್ಲವೇ ಇಲ್ಲ. ಇದನ್ನೆಲ್ಲ ಚೆನ್ನಾಗಿಯೇ ಮಾಡಿದ್ದೆ. ವೈವಾದಲ್ಲಿ ಪರೀಕ್ಷಕರು ಒಂದೇ ಪ್ರಶ್ನೆ ಕೇಳಿದರು, ‘ಈ ಬಾಟಲಿ ಎಷ್ಟು ಗಂಟೆಗೆ ತುಂಬಿದ್ದಮ್ಮಾ?’ ನನ್ನ ಪುಸ್ತಕದಲ್ಲಿ ತಾರೀಖು ಇತ್ತು, ಹೊತ್ತು ಇರಲಿಲ್ಲ. ಪಾಚಿ ಬಿಸಿಲಲ್ಲಿ ಆಮ್ಲಜನಕ ಬಿಡುತ್ತದೆ, ರಾತ್ರಿಯೆಲ್ಲ ಅದನ್ನೇ ಉಸಿರಾಡುತ್ತದೆ. ಹಾಗಾಗಿ ಒಂದೇ ಕೆರೆ ಬೆಳಗಿನ ಜಾವ ಬಡವಾಗಿ, ಮಧ್ಯಾಹ್ನ ಶ್ರೀಮಂತವಾಗಿ ಕಾಣುತ್ತದೆ. ಹೊತ್ತು ಗೊತ್ತಿಲ್ಲದ ಅಂಕಿಗಳನ್ನು ಹೋಲಿಸಿ ನಾನು ಒಂದು ಇಡೀ ಅಧ್ಯಾಯ ಬರೆದಿದ್ದೆ. ಅದನ್ನು ಮತ್ತೆ ಬರೆದುಕೊಟ್ಟ ಮೇಲೆಯೇ ಪದವಿ ಸಿಕ್ಕಿದ್ದು. ಆ ಮಧ್ಯಾಹ್ನ ಬಸ್ಸಿನಲ್ಲಿ ಅಳುತ್ತ ಮನೆಗೆ ಬಂದೆ. ನಿಮಗೆ ಹಾಗೆ ಆಗಬಾರದು.

ನಿಂತುಹೋದ ಆ ವರ್ಷವನ್ನು ಹಿಂದಿನ ಸರಾಸರಿ ಹಾಕಿ ತುಂಬಲು ಹೋಗಬೇಡಿ. ಯಾರೋ ಸಲಹೆ ಕೊಟ್ಟೇ ಕೊಡುತ್ತಾರೆ, ಕೇಳಬೇಡಿ. ‘ಈ ಅವಧಿಯಲ್ಲಿ ಸ್ಯಾಂಪಲ್ ಇಲ್ಲ’ ಅಂತ ನೇರವಾಗಿ ಬರೆಯಿರಿ, ಅದರಿಂದ ಥೀಸಿಸ್ ಬೀಳುವುದಿಲ್ಲ. ಸಾಧ್ಯವಾದರೆ ಇನ್ನೊಂದು ಚಳಿಗಾಲ ಕೆಲಸ ಮಾಡಿ. ಆದರೆ ಈ ಸಲ ಹಕ್ಕಿ ಬಂದ ಮೇಲೆ ಅಲ್ಲ, ಅಕ್ಟೋಬರಿನಲ್ಲೇ ಶುರು ಮಾಡಿ. ಹೆಬ್ಬಾತುಗಳ ಹಿಕ್ಕೆಯಿಂದ ನೀರಿನ ನೈಟ್ರೇಟು, ಫಾಸ್ಫೇಟು ಏರಿತೋ ಇಲ್ಲವೋ ಹೇಳಬೇಕಾದರೆ, ಅವು ಇಳಿಯುವ ಮುಂಚಿನ ನೀರಿನ ಲೆಕ್ಕ ಬೇಕಲ್ವಾ? ಅವು ಹಾರಿಹೋದ ಮೇಲಿನ ಒಂದು ತಿಂಗಳದ್ದೂ ಬೇಕು.

ಮಾಗಡಿ ಕೆರೆ ಸಂರಕ್ಷಣಾ ಮೀಸಲು ಪ್ರದೇಶ, 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೂ ಸೇರಿದೆ. ಅರಣ್ಯ ಇಲಾಖೆಯ ಅನುಮತಿ ಪತ್ರದ ಪ್ರತಿಯನ್ನು ಥೀಸಿಸ್ಸಿನ ಅನುಬಂಧದಲ್ಲಿ ಹಾಕಿ. ಅವಧಿ ಮುಗಿದಿದ್ದರೆ ಹೊಸದು ತಗೊಳ್ಳಿ.

ಮನೆಯವರಿಗೆ ಹೇಳಿ, ಕೂಸು ಮಲಗಿದ ಮೇಲೆ ದಿನಕ್ಕೆ ಒಂದು ತಾಸು ನಿಮಗೆ ಬೇಕು ಅಂತ. ಎಲ್ಲಕ್ಕಿಂತ ಸುಲಭ ಅಧ್ಯಾಯ ‘ವಿಧಾನ’, ಅದನ್ನೇ ಮೊದಲು ಬರೆಯಿರಿ, ಹೇಗೆ ಮಾಡಿದ್ದೀರಿ ಅನ್ನುವುದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅದಕ್ಕೂ ಮುಂಚೆ ಆ ಎರಡು ಚಳಿಗಾಲದ ನೋಟ್‌ಬುಕ್ ತೆಗೆದು ಪ್ರತಿ ಪುಟದಲ್ಲೂ ಹೊತ್ತು ಬರೆದಿದೆಯಾ ನೋಡಿ. ಇಲ್ಲದಿದ್ದರೆ ಜೊತೆಗೆ ಬಂದವರನ್ನು ಕೇಳಿ, ಮೊಬೈಲಿನಲ್ಲಿ ತೆಗೆದ ಫೋಟೊಗಳ ಸಮಯ ನೋಡಿ. ಏನು ಸಿಕ್ಕಿತು ಅಂತ ನನಗೆ ಇನ್ನೊಂದು ಪತ್ರ ಬರೆಯಿರಿ.