ಸ್ಟಾರ್ಟರ್ ಬುಲ್‌ಪೆನ್‌ಗೆ ಹೋದರೆ ಅದು ಹಿಂಬಡ್ತಿಯೇ?

ಪ್ರಶ್ನೆ: ನಾನು ಮಂಡ್ಯದ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿದ್ದು ನಿವೃತ್ತನಾದವನು. ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಹತ್ತಿದ ಬೇಸ್‌ಬಾಲ್ ಹುಚ್ಚು ಊರಿಗೆ ಮರಳಿದ ಮೇಲೂ ಬಿಟ್ಟಿಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಮೊಬೈಲ್‌ನಲ್ಲಿ ಪಂದ್ಯ ನೋಡುತ್ತೇನೆ. ನಾನು ಮೆಚ್ಚಿದ ತಂಡದ ಮೈನರ್ ಲೀಗ್‌ನಲ್ಲಿ, ಅಂದರೆ ಮೇಜರ್ ಲೀಗ್ ಎಂಬ ಅತ್ಯುನ್ನತ ಮಟ್ಟಕ್ಕೆ ಹುಡುಗರನ್ನು ಬೆಳೆಸುವ ಕೆಳಹಂತದಲ್ಲಿ, 22 ವರ್ಷದ ಬಲಗೈ ಪಿಚರ್ (ಚೆಂಡು ಎಸೆಯುವವನು) ಒಬ್ಬನಿದ್ದಾನೆ. ಇಷ್ಟು ದಿನ ಸ್ಟಾರ್ಟರ್ ಆಗಿ ಪಂದ್ಯ ಆರಂಭಿಸುತ್ತಿದ್ದ ಅವನನ್ನು ಈಗ ಬುಲ್‌ಪೆನ್‌ಗೆ ಹಾಕಿದ್ದಾರೆ. ಅವನ ಫಾಸ್ಟ್‌ಬಾಲ್ ಮತ್ತು ಪಕ್ಕಕ್ಕೆ ಸರಿಯುವ ಸ್ಲೈಡರ್ ಎಸೆತ ಎರಡೂ ಸೊಗಸಾಗಿವೆ. ಆದರೂ ನನ್ನ ಮೊಮ್ಮಗ ಫೋನಿನಲ್ಲಿ, ‘ತಾತಾ, ಅವನ ಕಥೆ ಮುಗಿಯಿತು’ ಎಂದುಬಿಟ್ಟ. ಹುಡುಗರಿಗೆ ಆಟ ಕಲಿಸಿದ ನನಗೆ ಈ ಮಾತು ಒಪ್ಪಿಗೆಯಾಗಲಿಲ್ಲ. ಇದು ನಿಜವಾಗಿ ಹಿಂಬಡ್ತಿಯೇ?
– ನಿವೃತ್ತ ಶಿಕ್ಷಕರು, ಮಂಡ್ಯ

ಉತ್ತರ: ಮೊಮ್ಮಗನ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ, ಆದರೆ ಅವನು ಅವಸರಪಟ್ಟಿದ್ದಾನೆ. ಈ ಆಟದ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು ಮೊದಲು ಹೇಳಬೇಕು. ಬೇಸ್‌ಬಾಲ್ ಪಂದ್ಯವೊಂದರಲ್ಲಿ 9 ಇನಿಂಗ್ಸ್‌ಗಳಿರುತ್ತವೆ; ಒಂದೊಂದರಲ್ಲಿಯೂ ಪ್ರತಿ ತಂಡ ಮೂವರು ಔಟಾಗುವವರೆಗೆ ಬ್ಯಾಟ್ ಮಾಡುತ್ತದೆ. ಮೊದಲ ಎಸೆತದಿಂದ ಆರಂಭಿಸಿ ಐದಾರು ಇನಿಂಗ್ಸ್‌ಗಳವರೆಗೆ, ಅಂದರೆ ಸುಮಾರು 90ರಿಂದ 100 ಎಸೆತಗಳವರೆಗೆ ಭಾರ ಹೊರುವವನು ಸ್ಟಾರ್ಟರ್. ಅವನಿಗೆ ಮತ್ತೆ ಸರದಿ ಬರುವುದು ಸಾಮಾನ್ಯವಾಗಿ ಐದಾರು ದಿನಗಳ ನಂತರ. ಅವನ ಬಳಿಕ ಬಂದು ಒಂದೋ ಎರಡೋ ಇನಿಂಗ್ಸ್ ಎಸೆದು ಹೋಗುವವರು ರಿಲೀವರ್‌ಗಳು, ಅವರು ಕೈ ಬಿಸಿ ಮಾಡಿಕೊಳ್ಳುತ್ತ ಕಾಯುವ ಆವರಣವೇ ಬುಲ್‌ಪೆನ್. ನಮ್ಮ ಕ್ರಿಕೆಟ್‌ನಲ್ಲಿ ಹೊಸ ಚೆಂಡಿನಲ್ಲಿ ಒಂದು ಸ್ಪೆಲ್ ಮುಗಿಸಿದ ಬೌಲರ್ ಫೈನ್ ಲೆಗ್‌ನಲ್ಲಿ ನಿಂತು ಸುಧಾರಿಸಿಕೊಂಡು ಸಂಜೆ ಮತ್ತೆ ಬೌಲ್ ಮಾಡಬಹುದು. ಮೈಸೂರಿನ ಜಾವಗಲ್ ಶ್ರೀನಾಥ್ ಅವರಂಥವರು 67 ಟೆಸ್ಟ್‌ಗಳಲ್ಲಿ 236 ವಿಕೆಟ್ ಗಳಿಸಿದ್ದು ಹೀಗೆ ಎರಡನೆಯ, ಮೂರನೆಯ ಸ್ಪೆಲ್‌ಗಳಿಗೂ ದುಡಿದೇ. ಬೇಸ್‌ಬಾಲ್‌ನಲ್ಲಿ ಆ ಅವಕಾಶವಿಲ್ಲ. ಒಮ್ಮೆ ಪಂದ್ಯದಿಂದ ಹೊರತೆಗೆದ ಆಟಗಾರ ಆ ದಿನ ಮರಳಿ ಬರುವಂತಿಲ್ಲ. ಆದುದರಿಂದಲೇ ಯಾರನ್ನು ಎಷ್ಟು ಹೊತ್ತು ನಿಲ್ಲಿಸಬೇಕು ಎಂಬ ಲೆಕ್ಕಾಚಾರ ಅಲ್ಲಿ ಇಷ್ಟು ಕಟ್ಟುನಿಟ್ಟು.

ಈಗ ತಮ್ಮ ಪಿಚರ್‌ನ ವಿಷಯ. ಎದುರಾಳಿ ತಂಡದಲ್ಲಿ 9 ಬ್ಯಾಟರ್‌ಗಳು ಸರದಿಯಂತೆ ಬರುತ್ತಾರೆ. ಆದ್ದರಿಂದ ಸ್ಟಾರ್ಟರ್ ಎದುರಿಸುವ 19ನೆಯ ಬ್ಯಾಟರ್ ಎಂದರೆ ಆ ದಿನ ಅವನ ಮುಂದೆ ಮೂರನೆಯ ಸಲ ನಿಂತ ಮೊದಲಿಗ. ಅಷ್ಟು ಹೊತ್ತಿಗೆ ಆ ಬ್ಯಾಟರ್ ಅವನ ಫಾಸ್ಟ್‌ಬಾಲ್‌ನ ವೇಗವನ್ನೂ ಸ್ಲೈಡರ್ ಕೈಯಿಂದ ಬಿಡುವ ಬಗೆಯನ್ನೂ ನೋಡಿಕೊಂಡಿರುತ್ತಾನೆ, ಪಿಚರ್‌ನ ತೋಳು ಆಗಲೇ ದಣಿದಿರುತ್ತದೆ. ಮೂರನೆಯ ಸುತ್ತಿನಲ್ಲಿ ಬ್ಯಾಟರ್‌ಗಳು ಮೊದಲ ಸುತ್ತಿಗಿಂತ ಚೆನ್ನಾಗಿ ಹೊಡೆಯುತ್ತಾರೆ ಎಂಬುದನ್ನು ಅಂಕಿಅಂಶಗಳನ್ನು ಹಿಡಿದು ಕೂರುವವರು ಬಹಳ ಹಿಂದೆಯೇ ತೋರಿಸಿಕೊಟ್ಟಿದ್ದಾರೆ, ತಂಡಗಳೂ ಅದನ್ನು ನಂಬುತ್ತವೆ. ಇಲ್ಲಿ ಮೂರನೆಯ ಬಗೆಯ ಎಸೆತವೊಂದು ಬೇಕೇ ಬೇಕಾಗುತ್ತದೆ. ಬಲಗೈ ಪಿಚರ್‌ನ ಸ್ಲೈಡರ್ ಬಲಗೈ ಬ್ಯಾಟರ್‌ನಿಂದ ದೂರ ಸರಿಯುತ್ತದೆ. ಅದೇ ಎಸೆತ ಎಡಗೈ ಬ್ಯಾಟರ್‌ಗೆ ಅವನ ಬ್ಯಾಟಿನ ಕಡೆಗೇ ನಡೆದುಬರುತ್ತದೆ. ಎಡಗೈಯವನನ್ನು ಏಮಾರಿಸಲು ಫಾಸ್ಟ್‌ಬಾಲ್‌ನಂತೆಯೇ ತೋಳು ಬೀಸಿ, ಹಿಡಿತ ಬದಲಿಸಿ, ನಿಧಾನವಾಗಿ ಹೊರಕ್ಕೆ ಜಾರುವಂತೆ ಬಿಡುವ ಚೇಂಜ್‌ಅಪ್ ಬೇಕು. ತಾವು ಮೆಚ್ಚಿದ ಎರಡು ಎಸೆತಗಳ ಪಟ್ಟಿಯಲ್ಲಿ ಅದು ಇಲ್ಲ ಎಂಬುದನ್ನು ಗಮನಿಸಿದೆ. ತಂಡದವರೂ ಗಮನಿಸಿರಬೇಕು.

ಬುಲ್‌ಪೆನ್‌ನಲ್ಲಿ ಈ ಕೊರತೆ ಬಹುಮಟ್ಟಿಗೆ ಮರೆಯಾಗುತ್ತದೆ. ಮೂರೋ ನಾಲ್ಕೋ ಬ್ಯಾಟರ್‌ಗಳನ್ನು ಒಂದೇ ಸಲ ಎದುರಿಸಿ ಹೋಗುವವನು ಏನನ್ನೂ ಉಳಿಸಿಕೊಳ್ಳಬೇಕಾಗಿಲ್ಲ. ಆರನೆಯ ಇನಿಂಗ್ಸ್‌ಗೆಂದು ಶಕ್ತಿ ಕಾಯ್ದಿಡುವ ಅಗತ್ಯ ಬೀಳದ ಕಾರಣ ಫಾಸ್ಟ್‌ಬಾಲ್‌ನ ವೇಗ ಗಂಟೆಗೆ ಒಂದೆರಡು ಮೈಲಿ ಏರುವುದು ಸಾಮಾನ್ಯ. ಪಿಚರ್ ನಿಲ್ಲುವ ಮೌಂಡ್‌ನಿಂದ ಬ್ಯಾಟರ್ ಪಕ್ಕದ ಹೋಮ್ ಪ್ಲೇಟ್‌ಗೆ ಇರುವ ದೂರ 60 ಅಡಿ 6 ಅಂಗುಲ ಮಾತ್ರ; ಅಷ್ಟು ದೂರದಲ್ಲಿ 95 ಮೈಲಿಗೂ 97 ಮೈಲಿಗೂ ಇರುವ ಅಂತರ ಬ್ಯಾಟರ್‌ಗೆ ಚೆನ್ನಾಗಿಯೇ ತಾಗುತ್ತದೆ. ಹಾಗೆಂದು ಬುಲ್‌ಪೆನ್ ಎಲ್ಲ ದೋಷಗಳನ್ನೂ ಮುಚ್ಚುವುದಿಲ್ಲ. ಒಬ್ಬನೇ ಬ್ಯಾಟರ್‌ಗೆ ಎಸೆದು ಹೊರಟುಹೋಗುವ ರಿಲೀವರ್‌ಗಳ ಕಾಲ 2020ರಲ್ಲಿ ಮುಗಿಯಿತು. ಆ ವರ್ಷದಿಂದ ರಿಲೀವರ್ ಕನಿಷ್ಠ ಮೂವರು ಬ್ಯಾಟರ್‌ಗಳನ್ನು ಎದುರಿಸಬೇಕು, ಇಲ್ಲವೇ ಇನಿಂಗ್ಸ್ ಮುಗಿಸಬೇಕು. ಎದುರಾಳಿಯ ಸರದಿಯಲ್ಲಿ ಇಬ್ಬರು ಎಡಗೈಯವರು ಒಟ್ಟೊಟ್ಟಿಗೆ ಬಂದರೆ ಸ್ಲೈಡರ್‌ನವನಿಗೆ ಅಲ್ಲಿಯೂ ತಪ್ಪಿಸಿಕೊಳ್ಳುವ ದಾರಿಯಿಲ್ಲ.

ಕಥೆ ಮುಗಿಯಿತು ಎಂಬ ಮಾತಿಗೆ ನನ್ನ ಉತ್ತರ ಎಡ್ವಿನ್ ಡಿಯಾಸ್. ಸಿಯಾಟಲ್ ಮ್ಯಾರಿನರ್ಸ್ ತಂಡದ ಮೈನರ್ ಲೀಗ್‌ನಲ್ಲಿ ಸ್ಟಾರ್ಟರ್ ಆಗಿ ಬೆಳೆಯುತ್ತಿದ್ದ ಆತನನ್ನು 2016ರಲ್ಲಿ, ತಮ್ಮ ಹುಡುಗನ ವಯಸ್ಸಿನಲ್ಲಿಯೇ, ಬುಲ್‌ಪೆನ್‌ಗೆ ಕಳಿಸಿದರು. ಅದೇ ಜೂನ್ ತಿಂಗಳಲ್ಲಿ ಆತ ಮೇಜರ್ ಲೀಗ್‌ನಲ್ಲಿದ್ದ! 2018ರಲ್ಲಿ 57 ಸೇವ್ ಗಳಿಸಿದ. ಅಂದರೆ ಕಡಿಮೆ ಅಂತರದ ಮುನ್ನಡೆಯನ್ನು ಕೊನೆಯವರೆಗೆ ಕಾಪಾಡಿ 57 ಪಂದ್ಯಗಳನ್ನು ಮುಗಿಸಿಕೊಟ್ಟ. 2022ರ ಕೊನೆಯಲ್ಲಿ ನ್ಯೂಯಾರ್ಕ್ ಮೆಟ್ಸ್ ತಂಡ ಐದು ವರ್ಷಕ್ಕೆ 102 ಮಿಲಿಯನ್ ಡಾಲರ್‌ನ ಒಪ್ಪಂದ ಮಾಡಿಕೊಂಡಿತು. ಇನ್ನು ಪನಾಮಾದ ಮರಿಯಾನೊ ರಿವೇರಾ. 1995ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡದ ಪರವಾಗಿ 10 ಪಂದ್ಯಗಳನ್ನು ಆರಂಭಿಸಿ ಹೇಳಿಕೊಳ್ಳುವಂಥದ್ದೇನನ್ನೂ ಮಾಡದ ಆತ ಬುಲ್‌ಪೆನ್‌ಗೆ ಹೋಗಿ, ಬಹುಪಾಲು ಕಟರ್ ಎಂಬ, ಕೊನೆಗಳಿಗೆಯಲ್ಲಿ ತುಸು ಪಕ್ಕಕ್ಕೆ ಸರಿಯುವ, ಒಂದೇ ಬಗೆಯ ವೇಗದ ಎಸೆತವನ್ನು ನಂಬಿ, 652 ಸೇವ್‌ಗಳ ದಾಖಲೆ ಬರೆದ. 2019ರಲ್ಲಿ ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಒಂದು ಮತವೂ ತಪ್ಪದೆ ಆಯ್ಕೆಯಾದ ಮೊದಲ ಆಟಗಾರ ಆತನೇ.

ಮೊಮ್ಮಗನ ಮಾತಿನಲ್ಲಿ ಹುರುಳಿರುವುದು ಹಣದ ವಿಷಯದಲ್ಲಿ. ಡಿಯಾಸ್‌ನ 102 ಮಿಲಿಯನ್ ರಿಲೀವರ್‌ಗಳ ಲೋಕದಲ್ಲಿ ದೊಡ್ಡ ಮೊತ್ತ. ಆದರೆ ಮರುವರ್ಷವೇ ಜಪಾನಿನ ಸ್ಟಾರ್ಟರ್ ಯೋಶಿನೊಬು ಯಾಮಾಮೊಟೊ ಜೊತೆ ಲಾಸ್ ಏಂಜಲೀಸ್ ಡಾಡ್ಜರ್ಸ್ ಮಾಡಿಕೊಂಡದ್ದು 12 ವರ್ಷಕ್ಕೆ 325 ಮಿಲಿಯನ್ ಡಾಲರ್‌ನ ಒಪ್ಪಂದ. ವರ್ಷದಲ್ಲಿ 170-180 ಇನಿಂಗ್ಸ್ ಎಸೆಯುವವನಿಗೂ 60-65 ಇನಿಂಗ್ಸ್ ಎಸೆಯುವವನಿಗೂ ತಂಡಗಳು ಒಂದೇ ಬೆಲೆ ಕಟ್ಟುವುದಿಲ್ಲ. ಅದಕ್ಕೇ ಯಾವ ತಂಡವೂ ಒಳ್ಳೆಯ ಹುಡುಗನನ್ನು ಸುಮ್ಮನೆ ಬುಲ್‌ಪೆನ್‌ಗೆ ಕಳಿಸುವುದಿಲ್ಲ. ತೋಳಿನ ನೋವೋ, ಮೂರನೆಯ ಎಸೆತದ ಕೊರತೆಯೋ, ಸ್ಟ್ರೈಕ್ ವಲಯಕ್ಕೆ ಚೆಂಡು ಹಾಕಲಾಗದೆ ಬ್ಯಾಟರ್‌ಗಳಿಗೆ ಪುಕ್ಕಟೆ ವಾಕ್ (ಹೊಡೆಯದೆಯೇ ಮೊದಲ ಬೇಸ್‌ಗೆ ಹೋಗುವ ಅವಕಾಶ) ಕೊಡುವುದೋ, ಏನೋ ಒಂದು ಕಾರಣ ಇರುತ್ತದೆ. ಕೆಲವೊಮ್ಮೆ ಮೇಲಿನ ತಂಡಕ್ಕೆ ತುರ್ತಾಗಿ ರಿಲೀವರ್ ಬೇಕಾಗಿರುತ್ತದೆ ಅಷ್ಟೇ.

ನನ್ನ ಅಭಿಪ್ರಾಯ ಕೇಳಿದರೆ, 22ರ ವಯಸ್ಸಿನಲ್ಲಿ ಈ ಬದಲಾವಣೆ ಮಾಡುವುದು ಆಟಗಾರನಿಗಿಂತ ತಂಡಕ್ಕೇ ಹೆಚ್ಚು ಅನುಕೂಲ. ಚೇಂಜ್‌ಅಪ್ ಕೈಗೆ ಕೂರಬೇಕಾದರೆ ಪಂದ್ಯದಲ್ಲಿ ಅದನ್ನು ಎಸೆದು, ಹೊಡೆಸಿಕೊಂಡು, ಮತ್ತೆ ಎಸೆಯಬೇಕು. ಒಂದು ರನ್ ಮುನ್ನಡೆಯ ಒಂಬತ್ತನೆಯ ಇನಿಂಗ್ಸ್‌ನಲ್ಲಿ ಯಾವ ಕೋಚ್ ಅದಕ್ಕೆ ಅವಕಾಶ ಕೊಡುತ್ತಾನೆ? ಆದುದರಿಂದ ಮುಂದಿನ ವಾರಗಳಲ್ಲಿ ತಾವು ಅವನು ಬಿಟ್ಟುಕೊಟ್ಟ ರನ್‌ಗಳ ಸರಾಸರಿಯನ್ನು ಪಕ್ಕಕ್ಕಿಟ್ಟು, ಅವನು ಒಂದು ಸಲಕ್ಕೆ ಎಷ್ಟು ಎಸೆಯುತ್ತಾನೆ ಎಂಬುದನ್ನು ನೋಡಿ. ಎರಡು ಮೂರು ಇನಿಂಗ್ಸ್ ಎಸೆದು, ಬಳಿಕ ಎರಡು ಮೂರು ದಿನ ಬಿಡುವು ಪಡೆಯುತ್ತಿದ್ದರೆ ತಂಡ ಸ್ಟಾರ್ಟರ್ ಬಾಗಿಲನ್ನು ಇನ್ನೂ ಮುಚ್ಚಿಲ್ಲ ಎಂದು ತಿಳಿಯಬಹುದು. ಒಂದೊಂದೇ ಇನಿಂಗ್ಸ್, ಅದರಲ್ಲೂ ಸತತ ಎರಡು ದಿನ ಎಸೆಸುತ್ತಿದ್ದರೆ ಅವನನ್ನು ರಿಲೀವರ್ ಆಗಿಯೇ ಮೇಲಕ್ಕೆ ಕರೆಯುವ ಉದ್ದೇಶವಿರುತ್ತದೆ.

ಪ್ರಶ್ನೆ: ಒಮ್ಮೆ ಬುಲ್‌ಪೆನ್‌ಗೆ ಹೋದವರು ಮರಳಿ ಸ್ಟಾರ್ಟರ್ ಆದದ್ದುಂಟೇ?
– ಕಾಲೇಜು ವಿದ್ಯಾರ್ಥಿ, ಸರಸ್ವತೀಪುರಂ, ಮೈಸೂರು

ಉತ್ತರ: ಬೇಕಾದಷ್ಟು. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಆ್ಯಡಂ ವೇನ್‌ರೈಟ್ 2006ರ ವರ್ಲ್ಡ್ ಸೀರೀಸ್‌ನ (ಮೇಜರ್ ಲೀಗ್‌ನ ಫೈನಲ್ ಸರಣಿಯ) ಕೊನೆಯ ಬ್ಯಾಟರ್‌ನನ್ನು ಔಟ್ ಮಾಡಿದ್ದು ರಿಲೀವರ್ ಆಗಿ. ಮರುವರ್ಷ ಸ್ಟಾರ್ಟರ್ ಆಗಿ, 2023ರಲ್ಲಿ ನಿವೃತ್ತನಾಗುವ ಹೊತ್ತಿಗೆ ಒಟ್ಟು 200 ಗೆಲುವು ಗಳಿಸಿದ್ದ. ಕ್ರಿಸ್ ಸೇಲ್ ಸಹ ಚಿಕಾಗೊ ವೈಟ್ ಸಾಕ್ಸ್‌ನ ಬುಲ್‌ಪೆನ್‌ನಲ್ಲಿ ಆರಂಭಿಸಿ 2012ರಲ್ಲಿ ಸ್ಟಾರ್ಟರ್ ಆದವನು. 2024ರಲ್ಲಿ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದ. ಅದೇ ವೈಟ್ ಸಾಕ್ಸ್ ತಂಡ ಗ್ಯಾರೆಟ್ ಕ್ರೋಷೆಯನ್ನು 2024ರಲ್ಲಿ ಬುಲ್‌ಪೆನ್‌ನಿಂದ ತೆಗೆದು ಸ್ಟಾರ್ಟರ್ ಮಾಡಿದಾಗ, ಋತುವಿನ ಉತ್ತರಾರ್ಧದಲ್ಲಿ ಅವನ ಇನಿಂಗ್ಸ್‌ಗಳನ್ನು ಬಿಗಿಯಾಗಿ ಕಡಿತಗೊಳಿಸಿತು. ನೋಡುವವರಿಗೆ ಬೇಸರವಾಯಿತು, ಆದರೆ ಅದು ಸರಿಯಾದ ಕೆಲಸ. ಒಂದು ಇನಿಂಗ್ಸ್‌ಗೆ ಒಗ್ಗಿದ ತೋಳನ್ನು ಆರಕ್ಕೆ ಒಗ್ಗಿಸಲು ತಿಂಗಳುಗಟ್ಟಲೆ ಸಮಯ ಬೇಕು.

ಕೆಡುವುದು ಹುಡುಗನನ್ನು ಅತ್ತಿಂದಿತ್ತ ಎಳೆದಾಡಿದಾಗ. ಯಾಂಕೀಸ್‌ನ ಜೋಬಾ ಚೇಂಬರ್ಲಿನ್ 2007ರಲ್ಲಿ ರಿಲೀವರ್ ಆಗಿ ಬಂದು ನ್ಯೂಯಾರ್ಕ್ ನಗರವನ್ನೇ ಮರುಳು ಮಾಡಿದ್ದ. 2008ರ ಋತುವಿನ ನಡುವೆಯೇ ಅವನನ್ನು ಸ್ಟಾರ್ಟರ್ ಮಾಡಿದರು, ಭುಜಕ್ಕೆ ಪೆಟ್ಟಾಯಿತು. 2009ರಲ್ಲಿ ಪೂರ್ತಿ ವರ್ಷ ಸ್ಟಾರ್ಟರ್, 2010ರಲ್ಲಿ ಮತ್ತೆ ಬುಲ್‌ಪೆನ್, 2011ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ. ಅವನ ಗಾಯಕ್ಕೆ ಈ ಓಡಾಟವೇ ಕಾರಣ ಎಂದು ಯಾರೂ ಪ್ರಮಾಣ ಮಾಡಿ ಹೇಳಲಾರರು. ಆದರೂ ಅವನು ಯಾವ ಕೆಲಸಕ್ಕೆ ತಯಾರಾಗಬೇಕು ಎಂಬುದು ವರ್ಷ ವರ್ಷವೂ ಬದಲಾಗುತ್ತಿದ್ದುದಂತೂ ನಿಜ. ಬಾಸ್ಟನ್‌ನ ಡೇನಿಯಲ್ ಬಾರ್ಡ್ ಅತ್ಯುತ್ತಮ ರಿಲೀವರ್ ಆಗಿದ್ದು, 2012ರಲ್ಲಿ ಸ್ಟಾರ್ಟರ್ ಆಗಲು ಹೋಗಿ ಚೆಂಡಿನ ಮೇಲಿನ ಹತೋಟಿಯನ್ನೇ ಕಳೆದುಕೊಂಡ, ಮೇಜರ್ ಲೀಗ್‌ನಲ್ಲಿ ಮತ್ತೆ ನೆಲೆಯೂರಿದ್ದು 2020ರಲ್ಲಿ.

ಪ್ರಶ್ನೆ: ನನ್ನ ಮಗನಿಗೆ 15 ವರ್ಷ. ಶಾಲೆಯ ಬೇಸ್‌ಬಾಲ್ ತಂಡದಲ್ಲಿ ಪಿಚರ್. ಟೂರ್ನಿಯಲ್ಲಿ ಅವನಿಂದ ಆರಂಭಿಸದೆ, ಪ್ರತಿದಿನ ಕೊನೆಯ ಎರಡು ಇನಿಂಗ್ಸ್ ಎಸೆಸುತ್ತೇನೆ, ಅದರಿಂದ ಕೈಗೆ ಆಯಾಸ ಕಡಿಮೆ ಎಂದು ಅವರ ಮೇಷ್ಟ್ರು ಹೇಳುತ್ತಾರೆ. ಒಪ್ಪಬಹುದೇ?
– ಒಬ್ಬ ತಾಯಿ, ಕುವೆಂಪುನಗರ, ಮೈಸೂರು

ಉತ್ತರ: ಪ್ರತಿದಿನ ಎಂಬುದನ್ನು ಒಪ್ಪಬೇಡಿ, ಅಮ್ಮಾ. ಅಮೆರಿಕದ ಮೇಜರ್ ಲೀಗ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ ರೂಪಿಸಿರುವ ‘ಪಿಚ್ ಸ್ಮಾರ್ಟ್’ ಮಾರ್ಗಸೂಚಿಯ ಪ್ರಕಾರ 15-16 ವರ್ಷದವರು ದಿನಕ್ಕೆ 95ಕ್ಕಿಂತ ಹೆಚ್ಚು ಎಸೆಯಬಾರದು. 30 ಎಸೆತಗಳ ಒಳಗೆ ಮುಗಿದರೆ ಮರುದಿನ ಎಸೆಯಬಹುದು. 31ರಿಂದ 45 ಆದರೆ ಒಂದು ದಿನ, 46ರಿಂದ 60 ಆದರೆ ಎರಡು ದಿನ ಬಿಡುವು ಬೇಕು. ಎಷ್ಟೇ ಕಡಿಮೆ ಎಸೆದಿರಲಿ, ಸತತ ಮೂರು ದಿನ ಪಿಚ್ ಮಾಡಬಾರದೆಂದು ಅದರಲ್ಲಿಯೇ ಇದೆ. ಮಕ್ಕಳ ಪಂದ್ಯದಲ್ಲಿ ಎರಡು ಇನಿಂಗ್ಸ್ ಎಂದರೆ ವಾಕ್‌ಗಳು ಸೇರಿ ಎಸೆತಗಳು 40 ದಾಟುವುದು ಅಪರೂಪವಲ್ಲ. ಜೊತೆಗೆ, ಪಂದ್ಯಕ್ಕೆ ಮುಂಚೆ ಕೈ ಬಿಸಿ ಮಾಡಿಕೊಳ್ಳಲು ಎಸೆದವು ಈ ಲೆಕ್ಕದಲ್ಲಿ ಬರುವುದಿಲ್ಲ. ಕೊನೆಯಲ್ಲಿ ಬರುವ ಹುಡುಗನನ್ನು ‘ಈಗ ಬಾ, ಸ್ವಲ್ಪ ತಾಳು’ ಎಂದು ಎರಡು ಮೂರು ಸಲ ಎಬ್ಬಿಸಿ ಕೂರಿಸುವುದರಿಂದ ಆ ಎಸೆತಗಳೂ ಬೆಳೆಯುತ್ತವೆ.

ಮೇಷ್ಟ್ರ ಉದ್ದೇಶ ಒಳ್ಳೆಯದೇ ಇರಬಹುದು. ಅವರೊಂದಿಗೆ ವಾದಕ್ಕೆ ಇಳಿಯದೆ, ಸ್ಕೋರ್ ಬರೆಯುವ ಹುಡುಗನಿಂದ ಪ್ರತಿ ಪಂದ್ಯದ ಎಸೆತಗಳ ಸಂಖ್ಯೆಯನ್ನು ಬರೆಸಿ ಅವರಿಗೆ ತೋರಿಸಿ. ಪಿಚ್ ಮಾಡಿದ ದಿನ ಅವನನ್ನು ಕ್ಯಾಚರ್ ಆಗಿ ನಿಲ್ಲಿಸದಂತೆಯೂ ಕೇಳಿಕೊಳ್ಳಿ, ಏಕೆಂದರೆ ಕ್ಯಾಚರ್ ಪ್ರತಿ ಎಸೆತವನ್ನೂ ಪಿಚರ್‌ಗೆ ಹಿಂದಕ್ಕೆ ಎಸೆಯುತ್ತಲೇ ಇರಬೇಕು. ಮೊಣಕೈಯ ಒಳಬದಿಯಲ್ಲಿ ನೋವು ಎಂದು ಅವನೇನಾದರೂ ಹೇಳಿದರೆ, ಎಣ್ಣೆ ತಿಕ್ಕಿ ಮರುದಿನ ಆಡಲು ಕಳಿಸದೆ, ಆಟ ನಿಲ್ಲಿಸಿ ಮೂಳೆ ವೈದ್ಯರಿಗೆ ತೋರಿಸಿ.