ಲೂಕನ ಜನಗಣತಿ ವಿಚಾರ

ಸರ್, ಯೇಸು ಹುಟ್ಟಿದ್ದು ರೋಮನ್ ಜನಗಣತಿಯ ಹೊತ್ತಿಗೆ ಅಂತ ಬೈಬಲಿನ ಸುವಾರ್ತೆಯಲ್ಲಿ ಲೂಕ ಹೇಳುವ ಮಾತೇ ತಪ್ಪಿದ್ದರೆ ಆ ಸುವಾರ್ತೆಯನ್ನು ಇತಿಹಾಸಕ್ಕೆ ಆಧಾರ ಅನ್ನಬಹುದಾ ಅಂತ ಕೇಳಿದ್ದೀರಿ. ತೊಡಕು ನಿಜವಾದದ್ದೇ. ಯೇಸು ಹುಟ್ಟಿದ್ದು ಯೂದಾಯದ ರಾಜ ಹೆರೋದನ ಕಾಲದಲ್ಲಿ ಅಂತ ಇನ್ನೊಂದು ಸುವಾರ್ತೆಯಲ್ಲಿ ಮತ್ತಾಯ ಬರೆಯುತ್ತಾನೆ. ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ ಅಂತ ಬಹುತೇಕ ವಿದ್ವಾಂಸರ ಲೆಕ್ಕ. ಲೂಕ ಹೇಳುವ, ಸಿರಿಯಾದ ರೋಮನ್ ಅಧಿಪತಿ ಕುರೇನ್ಯನ ಗಣತಿ ಯೂದಾಯದಲ್ಲಿ ನಡೆದದ್ದು ಕ್ರಿ.ಶ. 6ರಲ್ಲಿ ಅಂತ ಯೆಹೂದಿ ಇತಿಹಾಸಕಾರ ಜೋಸೆಫಸ್‌ನಿಂದ ಗೊತ್ತಾಗುತ್ತೆ. ನಡುವೆ ಸುಮಾರು ಹತ್ತು ವರ್ಷದ ಅಂತರ. 'ಕುರೇನ್ಯ ಮೊದಲೂ ಒಮ್ಮೆ ಅಧಿಪತಿಯಾಗಿದ್ದ' ಅನ್ನೋ ಸಮಜಾಯಿಷಿ ನನಗಂತೂ ತೇಪೆ ಹಚ್ಚಿದ ಹಾಗೆ ಕಾಣುತ್ತೆ.

ಆದರೆ ಒಂದು ತಪ್ಪಿಗೆ ಇಡೀ ಪುಸ್ತಕ ಎಸೆಯೋದಾದರೆ ಪ್ರಾಚೀನ ಇತಿಹಾಸಕಾರರಲ್ಲಿ ಯಾರೂ ಉಳಿಯಲ್ಲ, ಜೋಸೆಫಸ್ ಕೂಡ! ಇದೇ ಲೂಕನದ್ದು ಎನ್ನಲಾದ ಬೈಬಲಿನ ಇನ್ನೊಂದು ಪುಸ್ತಕ ಅಪೊಸ್ತಲರ ಕೃತ್ಯಗಳಲ್ಲಿ ಕ್ರೈಸ್ತ ಬೋಧಕ ಪೌಲನನ್ನು ಕೊರಿಂಥದಲ್ಲಿ ರೋಮನ್ ಅಧಿಪತಿ ಗಲ್ಲಿಯೋನನ ಮುಂದೆ ನಿಲ್ಲಿಸುತ್ತಾರೆ. ಗ್ರೀಸಿನ ಡೆಲ್ಫಿಯಲ್ಲಿ ಸಿಕ್ಕ ಕ್ಲೌದಿಯ ಚಕ್ರವರ್ತಿಯ ಶಾಸನದಲ್ಲಿ ಆ ಗಲ್ಲಿಯೋನನ ಹೆಸರಿದೆ; ಅವನ ಅಧಿಕಾರಾವಧಿ ಕ್ರಿ.ಶ. 51ರ ಆಸುಪಾಸು ಅಂತ ಗೊತ್ತಾದದ್ದೇ ಅದರಿಂದ. ಪೌಲನ ಕಾಲಗಣನೆ ಬಹುಮಟ್ಟಿಗೆ ಈ ಒಡೆದ ಕಲ್ಲಿನ ಚೂರುಗಳ ಮೇಲೆ ನಿಂತಿದೆ.

ಹಾಗಂತ ಅಧಿಕಾರಿಯ ಹೆಸರು ಸರಿಯಿದ್ದ ಮಾತ್ರಕ್ಕೆ ಅಲ್ಲಿನ ಪವಾಡ ರುಜುವಾತಾಗಲ್ಲ. ಒಂದೊಂದು ಪ್ರಸಂಗವನ್ನೂ ಬೇರೆ ಬೇರೆಯಾಗೇ ತೂಗಬೇಕು.