ಸಂಬಳ ಇಳಿದಿದೆ, ಮಗಳ ಜೀವನಾಂಶ ಇಳಿಸಬಹುದೇ?

ಪ್ರಶ್ನೆ: ವಿಚ್ಛೇದನವಾಗಿ ಮೂರು ವರ್ಷ. ಒಂಬತ್ತು ವರ್ಷದ ಮಗಳು ತಾಯಿಯ ಜೊತೆಗಿದ್ದಾಳೆ. ಫ್ಯಾಮಿಲಿ ಕೋರ್ಟ್ ಆದೇಶದಂತೆ ಅವಳಿಗೆ ತಿಂಗಳಿಗೆ 20,000 ರೂ. ಕೊಡುತ್ತಿದ್ದೆ. ಕಂಪನಿ ಮುಚ್ಚಿ, ಈಗಿನ ಕೆಲಸದಲ್ಲಿ ಸಂಬಳ 82,000ದಿಂದ 41,000ಕ್ಕೆ ಇಳಿದಿದೆ. ‘ಸದ್ಯಕ್ಕೆ 10,000 ಕೊಡಿ’ ಎಂದು ಮಗಳ ತಾಯಿ ಫೋನಿನಲ್ಲಿ ಒಪ್ಪಿದ್ದಾರೆ. ಅಷ್ಟು ಸಾಕಲ್ಲವೇ?
– ಓದುಗರೊಬ್ಬರು, ತುಮಕೂರು

ಉತ್ತರ: ಸಾಲದು. ಫೋನಿನ ಮಾತಿಗೆ ಕೋರ್ಟಿನ ಆದೇಶ ಬದಲಾಗುವುದಿಲ್ಲ. ತಿಂಗಳಿಗೆ 10,000 ಬಾಕಿ ಏರುತ್ತಲೇ ಇರುತ್ತದೆ. ಮನಸ್ತಾಪ ಬಂದ ದಿನ ಎಂಟು ತಿಂಗಳ 80,000ಕ್ಕೆ ವಸೂಲಿ ಅರ್ಜಿ ಬಿದ್ದರೆ ‘ಅವರೇ ಒಪ್ಪಿದ್ದರು’ ಎನ್ನುವುದು ಗಟ್ಟಿ ಉತ್ತರವಾಗದು. ಅವರು ನಿಜಕ್ಕೂ ಒಪ್ಪಿದ್ದರೆ ಇಬ್ಬರೂ ಸಹಿ ಹಾಕಿದ ಜಂಟಿ ಮೆಮೊವನ್ನು ಅರ್ಜಿಯ ಜೊತೆ ಸಲ್ಲಿಸಿ, ಹೊಸ ಆದೇಶ ಪಡೆಯಿರಿ.

ಅರ್ಜಿ ಯಾವ ಕಲಮಿನಡಿ ಎಂಬುದು ಹಳೆಯ ಆದೇಶದ ಮೊದಲ ಪುಟದಲ್ಲೇ ಗೊತ್ತಾಗುತ್ತದೆ. ಸಿಆರ್‌ಪಿಸಿ (ಹಳೆಯ ದಂಡ ಪ್ರಕ್ರಿಯಾ ಸಂಹಿತೆ) 125ರ ಆದೇಶವಾದರೆ ಬದಲಾವಣೆಗೆ ಇದ್ದದ್ದು ಕಲಂ 127. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 146. ಹಿಂದೂ ವಿವಾಹ ಕಾಯ್ದೆಯ ಡಿಕ್ರಿಯಲ್ಲೇ ಮಗುವಿನ ಮೊತ್ತ ನಿಗದಿಯಾಗಿದ್ದರೆ ಕಲಂ 26.

ಸಂಬಳ ಅರ್ಧವಾಯಿತು, ಜೀವನಾಂಶವೂ ಅರ್ಧ ಎಂಬ ಗಣಿತ ಅಲ್ಲಿ ನಡೆಯದು. ಮಗಳ ಶಾಲೆ ಫೀ, ಔಷಧಿ, ತಾಯಿಯ ಆದಾಯ ಎಲ್ಲವೂ ತಕ್ಕಡಿಗೆ ಬರುತ್ತವೆ. ಪಿಎಫ್, ತೆರಿಗೆಯ ಕಡಿತವನ್ನು ಕೋರ್ಟ್ ಗಣಿಸುತ್ತದೆ. ಕಾರಿನ ಕಂತು, ಚೀಟಿ ದುಡ್ಡು ತೋರಿಸಿ ‘ಕೈಗೆ ಉಳಿಯೋದೇ ಇಷ್ಟು’ ಎಂದರೆ ಒಪ್ಪುವುದು ಅಪರೂಪ. ಕೆಲಸ ಹೋದ ಪತ್ರ, ಫೈನಲ್ ಸೆಟಲ್‌ಮೆಂಟ್ ಲೆಕ್ಕ, ಹಳೆಯ-ಹೊಸ ಪೇ ಸ್ಲಿಪ್, ಮೂರು ವರ್ಷದ ಐಟಿ ರಿಟರ್ನ್, ಎಲ್ಲ ಖಾತೆಗಳ ಸ್ಟೇಟ್‌ಮೆಂಟ್ ಇಡಿ. ಬೇರೆ ಕೆಲಸಕ್ಕೆ ಅರ್ಜಿ ಹಾಕಿದ ಇಮೇಲ್‌ಗಳೂ ಇರಲಿ. ಬೇಕೆಂದೇ ಸಂಬಳ ಇಳಿಸಿಕೊಂಡಿದ್ದಾರೆ ಎಂಬುದು ಎದುರು ವಕೀಲರ ಮೊದಲ ಆರೋಪವಾಗಿರುತ್ತದೆ. ಆಸ್ತಿ-ಸಾಲದ ಅಫಿಡವಿಟ್ಟನ್ನು ಸುಪ್ರೀಂ ಕೋರ್ಟಿನ ರಜನೀಶ್ ವಿರುದ್ಧ ನೇಹಾ ತೀರ್ಪು (2020) ಕೊಟ್ಟಿರುವ ನಮೂನೆಯಲ್ಲೇ ತುಂಬಿ. ಸೆಟಲ್‌ಮೆಂಟ್ ಹಣ ಮುಚ್ಚಿಟ್ಟು ಸಿಕ್ಕಿಬಿದ್ದರೆ ಉಳಿದ ಮಾತನ್ನೂ ಯಾರೂ ನಂಬರು.

ಅರ್ಜಿ ಹಾಕಿದ ಮಾತ್ರಕ್ಕೆ ಹಳೆಯ ಆದೇಶಕ್ಕೆ ತಡೆ ಸಿಗುವುದಿಲ್ಲ, ಹಿಂದಿನ ಬಾಕಿಯೂ ಕರಗದು. ಹಾಗಾಗಿ ತಡಮಾಡಬೇಡಿ. ಅಲ್ಲಿಯವರೆಗೆ ಆದಷ್ಟನ್ನು ಪ್ರತಿ ತಿಂಗಳೂ ಬ್ಯಾಂಕ್ ಮೂಲಕವೇ, ‘ಜೂನ್ ಜೀವನಾಂಶ’ ಎಂದು ನಮೂದಿಸಿ ಕಳಿಸಿ. ನಗದು ಕೊಟ್ಟರೆ ಕೊಟ್ಟಿಲ್ಲದಂತೆಯೇ. ಮಗಳಿಗೆ ಸೈಕಲ್ ಕೊಡಿಸಿದ್ದು ಈ ಲೆಕ್ಕಕ್ಕೆ ಬಾರದು.

ಪ್ರಶ್ನೆ: ‘ಕೆಲಸ ಹೋಯ್ತು’ ಎಂದು ಮಗುವಿನ ತಂದೆ ಒಂದು ವರ್ಷದ ಹತ್ತಿರ ಜೀವನಾಂಶದ ದುಡ್ಡೇ ಕಳಿಸಿಲ್ಲ. ಕಾಯಲೇ?
– ಓದುಗರೊಬ್ಬರು, ಹಾಸನ

ಉತ್ತರ: ಕಾಯಬೇಡಿ. ಸಿಆರ್‌ಪಿಸಿ ಕಲಂ 125 ಅಥವಾ ಅದರ ಜಾಗಕ್ಕೆ ಬಂದ ಸುರಕ್ಷಾ ಸಂಹಿತೆಯ ಕಲಂ 144ರ ಆದೇಶವಾದರೆ, ಬಾಕಿ ಬಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಆ ತಿಂಗಳಿಗೆ ವಸೂಲಿ ವಾರಂಟ್ ಹೊರಡದು. ಸಕಾರಣವಿಲ್ಲದೆ ತಪ್ಪಿಸಿದ ಒಂದೊಂದು ತಿಂಗಳಿಗೂ ಒಂದು ತಿಂಗಳವರೆಗೆ ಸೆರೆವಾಸವಿದೆ. ಜೈಲಿಗೆ ಹೋಗಿ ಬಂದರೂ ಬಾಕಿ ತೀರಿದಂತಲ್ಲ. ಕೆಲಸ ನಿಜವಾಗಿ ಹೋಗಿದೆಯೇ ಎಂಬ ಅನುಮಾನವಿದ್ದರೆ, ಪಿಎಫ್ ಖಾತೆಯ ವಿವರ ತರಿಸುವಂತೆ ಕೋರ್ಟನ್ನು ಕೇಳಿ. ಹೊಸ ಕಂಪನಿ ಪಿಎಫ್ ಕಟ್ಟುತ್ತಿದ್ದರೆ ತಿಂಗಳ ಸಮೇತ ಅಲ್ಲೇ ಕಾಣುತ್ತದೆ.